ಚೀಟಿ ಮನಿಗೆ ಬಂತು, ಮುಂದ?

ಸಾಲ್ಯಾಗ ಡಾಕ್ಟರು ಬಂದು ಹುಡುಗರನ್ನ ನೋಡಿ ಹೋದ ಮ್ಯಾಲೆ ಕೆಲವು ಮಕ್ಕಳ ಕೈಯಾಗ ಒಂದು ಚೀಟಿ ಕೊಟ್ಟು ಕಳಸ್ತಾರ. ‘ಮುಂದಿನ ತಪಾಸಣಿಗೆ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗ್ರಿ’ ಅಂತ ಬರದಿರ್ತದ. ಆ ಚೀಟಿ ಈಗ ಎಲ್ಲದ? ಕ್ಯಾಲೆಂಡರ್ ಹಿಂದ ಸಿಗಿಸಿದ್ದು, ಲೈಟ್ ಬಿಲ್ಲಿನ ಕೂಡ ಮೊಳಿಗೆ ಚುಚ್ಚಿದ್ದು, ಪಾಟೀಚೀಲದ ತಳದಾಗ ಮುದ್ದಿ ಆಗಿದ್ದು ಎಷ್ಟವ ನೋಡ್ರಿ. ಮ್ಯಾಲೆ ಕಟ್ಟಿಗೆ ಕೂತು ‘ಸಾಲಿ ತಪಾಸಣಿ ಅಂದ್ರ ಬರೇ ನಾಟಕ’ ಅಂತ ಮಾತಾಡೋದು. ನಾಟಕ ಅರ್ಧ ಸಾಲ್ಯಾಗ ಆಗ್ತದ ಅಂತ ಇಟ್ಕೊಳ್ರಿ, ಉಳದರ್ಧ ಮನ್ಯಾಗ ಆಗ್ತದ. ಸಿಟ್ಟು ಬಂದ್ರೂ ಪೂರಾ ಓದ್ರಿ.

ಮೊದಲ ಈ ತಪಾಸಣಿ ಏನು ಅಂತ ತಿಳಕೊಳ್ಳೋಣು. ಇದರ ಹೆಸರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಾಗ ಚಾಲೂ ಆತು. ಹುಟ್ಟಿದ ಕೂಸಿನಿಂದ ಹಿಡದು 18 ವರ್ಷದ ತನಕ ಮಕ್ಕಳನ್ನ ನೋಡಬೇಕು ಅಂತ ಅದರ ಉದ್ದೇಶ. ಒಂದು ತಂಡದಾಗ ಇಬ್ಬರು ಆಯುಷ್ ಡಾಕ್ಟರು, ಅದರಾಗ ಒಬ್ಬಾಕಿ ಹೆಣ್ಣಮಗಳು. ಅವರ ಕೂಡ ಒಬ್ಬಾಕಿ ನರ್ಸಬಾಯಿ, ಔಷಧ ನೋಡಾವ ಒಬ್ಬ. ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸರಕಾರಿ ಮತ್ತ ಅನುದಾನಿತ ಸಾಲಿಗೆ ವರ್ಷಕ್ಕ ಒಂದು ಸಲ ಬರಬೇಕು. ಸೀಳಿದ ತುಟಿ, ಹೃದಯದಾಗಿನ ತೂತು, ಕಣ್ಣಿನ ಪೊರಿ, ಕಿವಿ ಕೇಳದಿರೋದು, ಕಿವಿ ಸೋರೋದು, ಹಲ್ಲಿನ ಹುಳುಕು, ಚರ್ಮದ ರೋಗ, ರಕ್ತ ಕಡಿಮಿ ಇರೋದು, ಮಾತು ತಡಾ ಆಗೋದು, ಇವೆಲ್ಲಾ ಅವರ ಪಟ್ಟಿಯಾಗ ಅವ. ಸಿಕ್ಕ ರೋಗಕ್ಕ ಆಪರೇಶನ್ ಬೇಕಾದ್ರ ಅದೂ ಪುಕ್ಕಟ. ಅಂದ್ರ ಆ ಚೀಟಿ ಅನ್ನೋದು ಬರೇ ಕಾಗದ ಅಲ್ಲ, ಖರ್ಚಿಲ್ಲದ ಚಿಕಿತ್ಸಾದ ಬಾಗಲದ ಕೀಲಿ. ಅದನ್ನ ಮೊಳಿಗೆ ಚುಚ್ಚಿ ಇಟ್ರ ಬಾಗಲಾ ತಗೀತದೇನು?

ಈಗ ಕಣ್ಣಿನ ಮಾತು. ಹುಡುಗಿಗೆ ಬೋರ್ಡು ಕಾಣವಲ್ಲದು, ಚಷ್ಮಾ ಬೇಕು ಅಂತ ಚೀಟಿ ಬರ್ತದ. ಅಜ್ಜಿ ಅಂತಾಳ, ‘ಈಗಿಂದನ ಚಷ್ಮಾ ಹಾಕಿದ್ರ ನಾಳೆ ಕನ್ಯಾ ನೋಡ್ಲಿಕ್ಕೆ ಬಂದವರು ಏನಂತಾರ?’ ಅತ್ತಿ ಅಂತಾಳ, ‘ಗಜ್ಜರಿ ತಿನಸ್ರಿ, ತಾನ ಹೋಗ್ತದ.’ ನೆರಮನಿ ಕಾಕು ಅಂತಾಳ, ‘ಹಾಕಿದಷ್ಟೂ ನಂಬರ ಏರ್ತದ.’ ಗಜ್ಜರಿ ತಿನ್ನೋದು ಒಳ್ಳೇದ, ತಿನಸ್ರಿ. ಆದ್ರ ದೂರದ್ದು ಮಸಕಾಗಿ ಕಾಣೋ ಕಣ್ಣು ಗಜ್ಜರಿಂದ ನೆಟ್ಟಗಾಗೂದಿಲ್ಲ. ಹುಡುಗರು ಬೆಳದಂಗ ಕಣ್ಣಿನ ಗುಡ್ಡಿನೂ ಬೆಳೀತದ, ಅದಕ್ಕ ನಂಬರ ಏರ್ತದ. ಚಷ್ಮಾದ ತಪ್ಪು ಅದರಾಗ ಏನೂ ಇಲ್ಲ. ಇನ್ನೊಂದು ಮಾತು ತಿಳೀರಿ. ಹುಟ್ಟಾ ಮಸಕು ನೋಡಿದ ಕೂಸಿಗೆ ತನಗ ಮಸಕು ಕಾಣಸ್ತದ ಅಂತ ಗೊತ್ತ ಇರೂದಿಲ್ಲ, ಎಲ್ಲಾರಿಗೂ ಹಿಂಗ ಕಾಣ್ತದ ಅಂತ ತಿಳಕೊಂಡಿರ್ತದ. ಆಮ್ಯಾಲೆ ಆಕಿಗೆ ‘ದಡ್ಡಿ’ ಅಂತ ಹೆಸರು. ಎಂಟನೇತ್ತಾದಾಗ ನಪಾಸಾದ್ರ ‘ಓದೂದು ಇವಳ ಹಣ್ಯಾಗ ಬರದಿಲ್ಲ’ ಅಂತ ಮನ್ಯಾಗ ಕುಂದರಸ್ತಾರ. ಹಣಿಬರಾ ಅಲ್ಲವ್ವಾ ಅದು, ಚಷ್ಮಾ. ಸಾಲಿ ಮಕ್ಕಳಿಗೆ ಸರಕಾರದ ಕಣ್ಣಿನ ಕಾರ್ಯಕ್ರಮದಾಗ ಅದನ್ನೂ ಪುಕ್ಕಟ ಕೊಡ್ತಾರ.

ಅದ ಮನ್ಯಾಗ ಗಂಡಹುಡುಗಗ ಚೀಟಿ ಬಂದ್ರ ಅಪ್ಪ ಮರುದಿನಾನ ಗಾಡಿ ಮ್ಯಾಲೆ ಕೂಡಿಸ್ಕೊಂಡು ಹೋಗಿರ್ತಾನ. ಹೌದಿಲ್ಲೋ ಹೇಳ್ರಿ.

ಇನ್ನ ಸೋಮವಾರದ ಗುಳಗಿ. 10ರಿಂದ 19 ವಯಸ್ಸಿನ ಮಕ್ಕಳಿಗೆ ವಾರಕ್ಕೊಂದು ನೀಲಿ ಗುಳಗಿ, ಸಣ್ಣವರಿಗೆ ಗುಲಾಬಿ. ನೀಲಿ ಗುಳಗ್ಯಾಗ 60 ಮಿಲಿಗ್ರಾಂ ಕಬ್ಬಿಣ, ಅದರ ಕೂಡ ಫೋಲಿಕ್ ಆಸಿಡ್. ವರ್ಷಕ್ಕ ಎರಡು ಸಲ ಜಂತಹುಳದ ಗುಳಗಿನೂ ಕೊಡ್ತಾರ, ಯಾಕಂದ್ರ ಕೊಕ್ಕಿಹುಳ ಹೊಟ್ಯಾಗ ಕೂತು ರಕ್ತ ಕುಡೀತಿದ್ರ ಎಷ್ಟು ಕಬ್ಬಿಣ ನುಂಗಿಸಿದ್ರೂ ತೂತು ಕೊಡಕ್ಕ ನೀರು ತುಂಬಿದಂಗ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾದಾಗ ದೇಶದ 15ರಿಂದ 19 ವಯಸ್ಸಿನ ಹುಡುಗ್ಯಾರೊಳಗ ನೂರಕ್ಕ 59 ಮಂದಿಗೆ ರಕ್ತ ಕಡಿಮಿ ಇತ್ತು. ಅದ ವಯಸ್ಸಿನ ಹುಡುಗರೊಳಗ ನೂರಕ್ಕ 31. ಈ ಲೆಕ್ಕ ಓದಿ ‘ಅಯ್ಯ ಪಾಪ’ ಅಂದು ಬಿಡಬ್ಯಾಡ್ರಿ. ಮೆಟ್ಟಲಾ ಏರಿದ್ರ ಏದುಸಿರು, ಮಧ್ಯಾಹ್ನ ಆದ್ರ ತೂಕಡಿಕಿ, ಯಾವಾಗ್ಲೂ ತಲಿ ಸುತ್ತು, ‘ನಮ್ಮ ಹುಡುಗಿ ಭಾಳ ಆಳಸಿ’ ಅಂತ ಬೈತೀವಲ್ಲ, ಆಕಿನ ಆ 59ರಾಗ ಒಬ್ಬಾಕಿ ಇರಬಹುದು.

ಇಂಥಾ ಗುಳಗಿ ಬ್ಯಾಡ ಅನ್ನೋವರು ಯಾರು? ಹೊರಗಿನವರಲ್ಲ, ನಮ್ಮ ಪೈಕಿನವರ. ‘ನುಂಗಿದಂಗ ಮಾಡಿ ಉಗುಳಿ ಬಿಡು’ ಅಂತ ಹೇಳಿ ಕಳಸೋ ಅವ್ವಂದ್ಯಾರು ಅದಾರ. ‘ಅದು ಮಕ್ಕಳಾಗದಂಗ ಮಾಡೋ ಗುಳಗಿ’ ಅಂತ ಮೊಬೈಲ್‌ನ್ಯಾಗ ಬಂದದ್ದನ್ನ ನಂಬೋರೂ ಅದಾರ. ಉಲ್ಟಾ ಅದವ್ವಾ. ಇಂದಿನ ಹುಡುಗಿ ನಾಳಿನ ಬಾಣಂತಿ. ರಕ್ತ ಇಲ್ಲದ ಮೈಯಿಂದ ಹೆರಿಗಿ ಮನಿಗೆ ಹೋದ್ರ ಏನಾಗ್ತದ ಅಂತ ನಮ್ಮ ಮನಿತನದ ಹಿರೇರನ್ನ ಕೇಳ್ರಿ, ಹೆಸರು ಹಿಡದು ಹೇಳ್ತಾರ. ಮಗಳ ಮೈಮ್ಯಾಲೆ ಹತ್ತು ತೊಲಿ ಬಂಗಾರ ಹಾಕ್ಲಿಕ್ಕೆ ಸಾಲಾ ಮಾಡ್ತೀವಿ, ಮೈಯೊಳಗ ಪುಕ್ಕಟ ಬರೋ ಕಬ್ಬಿಣ ಹೋಗ್ಲಿಕ್ಕೆ ಬಿಡೂದಿಲ್ಲ ಅಂದ್ರ ಇದೇನು ಶಾಣ್ಯಾತನ?

ಹೊಟ್ಟಿ ತೊಳಸ್ತದ ಅನ್ನೋದು ಮಾತ್ರ ಖರೇ. ಅದಕ್ಕ ಉಪಾಯ ಅಡಗಿಮನ್ಯಾಗ ಅದ. ಬರೇ ಹೊಟ್ಟಿಲೆ ಕಳಸಬ್ಯಾಡ್ರಿ, ಗುಳಗಿ ಊಟದ ಮ್ಯಾಲೇನ ನುಂಗಬೇಕು. ಅದರ ಹಿಂದಮುಂದ ಒಂದು ತಾಸು ಚಹಾ ಬ್ಯಾಡ, ಚಹಾ ಕಬ್ಬಿಣ ಮೈಗೆ ಹತ್ತಲಿಕ್ಕೆ ಬಿಡೂದಿಲ್ಲ. ಊಟದಾಗ ಅರ್ಧಾ ನಿಂಬಿಹಣ್ಣು ಹಿಂಡಿದ್ರ ಛಲೋ ಹತ್ತತದ. ಶೌಚ ಕರ್ರಗ ಆದ್ರ ಹೆದರಬ್ಯಾಡ್ರಿ, ಅದು ಗುಳಗಿ ಬಣ್ಣ. ಹಂಗನ ಕಿವಿ ಸೋರೋ ಕೂಸಿಗೆ ಬಳ್ಳೊಳ್ಳಿ ಎಣ್ಣಿ ಕಾಸಿ ಹಾಕೋದು ಬಿಡ್ರಿ. ಒಳಗಿನ ತಮಟಿ ಹರದಿದ್ರ ಎಣ್ಣಿ ಇನ್ನೂ ಒಳಗ ಹೋಗಿ ಕೇಡು ಮಾಡ್ತದ.

‘ಎಲ್ಲಾ ಹೆಂಗಸರ ಮ್ಯಾಲೇನ ಹೊರಸ್ತೀಯಲ್ಲ’ ಅಂತ ವೈನಿ ಈಗ ಅಂದಾಳು. ಇಲ್ಲ ವೈನಿ, ಸರಕಾರದ್ದೂ ಹೇಳ್ತೀನಿ. ನೂರಾರು ಮಕ್ಕಳ ಸಾಲಿಗೆ ತಂಡ ಬಂದು ಸಂಜಿ ಒಳಗ ಮುಗಸ್ತದ ಅಂದ್ರ, ಒಂದೊಂದು ಕೂಸಿಗೆ ಎಷ್ಟು ನಿಮಿಷ ಸಿಕ್ತು? ಉಳದ ದಿನಗೋಳಾಗ ಸಾಲ್ಯಾಗ ಒಬ್ಬಾಕಿ ನರ್ಸ್ ಇರೂದಿಲ್ಲ. 2020ರಾಗ ಪ್ರತಿ ಸಾಲಿಗೆ ಇಬ್ಬರು ಶಿಕ್ಷಕರನ್ನ ‘ಆರೋಗ್ಯ ರಾಯಭಾರಿ’ ಮಾಡೋ ಕಾರ್ಯಕ್ರಮ ಹಾಕಿದರು. ಛಲೋನ. ಆದ್ರ ಪಾಠನೂ ಅಕ್ಕೋರ ಮಾಡಬೇಕು, ಬಿಸಿಯೂಟದ ಲೆಕ್ಕನೂ ಅವರ ಬರೀಬೇಕು, ಗಣತಿನೂ ಅವರ, ಈಗ ಆರೋಗ್ಯನೂ ಅವರ ಅಂದ್ರ ಅವರಿಗೆ ಎಷ್ಟು ಕೈ ಅವ? ಜಿಲ್ಲಾ ದವಾಖಾನಿಗೆ ಹೋದ್ರ ಅವ್ವನ ಒಂದು ದಿನದ ಕೂಲಿ ಮುಳಗ್ತದ. ಹೋದ ಮ್ಯಾಲೆ ‘ಇವತ್ತ ಸಾಹೇಬರು ಇಲ್ಲ’ ಅಂದ್ರ ಎರಡನೇ ದಿನದ್ದೂ ಹೋತು. ಇದೆಲ್ಲಾ ಖರೇ.

ಖರೇ ಅಂತ ಸುಮ್ಮನ ಕೂಡೋದು ಮಾತ್ರ ಸರಿ ಅಲ್ಲ. 2023ರ ಜೂನ್‌ದಿಂದ ಹೆಂಗಸರಿಗೆ ಬಸ್ಸು ಪುಕ್ಕಟ ಆತು. ಎಲ್ಲಮ್ಮನ ಗುಡ್ಡಕ್ಕ ಹೋತು, ಧರ್ಮಸ್ಥಳಕ್ಕ ಹೋತು, ತಂಗಿ ಮನಿಗೆ ಹೋತು. ಆ ಬಸ್ಸು ಜಿಲ್ಲಾ ದವಾಖಾನಿ ಮುಂದನೂ ನಿಲ್ತದ. ಒಬ್ಬಾಕಿನ ಹೋದ್ರ ಕೌಂಟರಿನಾವ ಗದ್ದರಸ್ತಾನ. ಓಣ್ಯಾಗಿನ ಚೀಟಿ ಬಂದ ನಾಕು ಮಂದಿ ಅವ್ವಂದ್ಯಾರು ಕೂಡಿ, ಸಾಹೇಬರು ಯಾವತ್ತ ಇರ್ತಾರ ಅಂತ ಆಶಾ ಅಕ್ಕನ ಕಡಿಂದ ಮೊದಲ ಕೇಳಿಸಿ, ನಾಕೂ ಹುಡುಗರನ್ನ ಕರ್ಕೊಂಡು ಹೋಗ್ರಿ. ಗದ್ದರಸ್ಲಿ ನೋಡೋಣು.

ಮತ್ತ ಎಸ್‌ಡಿಎಮ್‌ಸಿ ಮೀಟಿಂಗಿಗೆ ಹೋಗಿ ಸಹಿ ಮಾಡಿ, ಚಹಾ ಕುಡದು ಬರೂದು ಸಾಕು. ಮೂರು ಪ್ರಶ್ನಿ ಕೇಳ್ರಿ: ಈ ವರ್ಷ ತಂಡ ಯಾವ ತಾರೀಖಿಗೆ ಬಂತು? ಎಷ್ಟು ಮಕ್ಕಳಿಗೆ ಚೀಟಿ ಕೊಟ್ಟರು? ಅದರಾಗ ಎಷ್ಟು ಮಂದಿಗೆ ಚಿಕಿತ್ಸಾ ಮುಗೀತು? ಮೊದಲ ಎರಡಕ್ಕ ಉತ್ತರ ರಜಿಸ್ಟರಿನಾಗ ಸಿಗಬಹುದು. ಮೂರನೇದಕ್ಕ ಅಲ್ಲಿ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡ್ತಾರ. ಆ ಉತ್ತರ ಬರೋ ತನಕ ಎದ್ದು ಬರಬ್ಯಾಡ್ರಿ.