ಕಾರಿನ ಎತ್ತರಕ್ಕೆ ದಂಡ, ಉಬ್ಬಿನ ಎತ್ತರಕ್ಕೆ ಯಾರ ಲೆಕ್ಕ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಕಾರುಗಳೆಲ್ಲ ದಾವಣಗೆರೆಯ ಕೆಎ-17 ನೋಂದಣಿಗೇ ಸೇರಿದವು. ಆದರೆ ಅವು ಓಡಾಡುವ ರಸ್ತೆಗಳು ಒಂದೇ ಬಗೆಯವಲ್ಲ. ದಾವಣಗೆರೆಯ ಮಗ್ಗುಲಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೆಲಕ್ಕೆ ಒತ್ತಿಕೊಂಡಂತೆ ಸಾಗುವ ಕಾರು ಸ್ಥಿರವಾಗಿ ಓಡುತ್ತದೆ. ಅದೇ ಕಾರು ಚನ್ನಗಿರಿಯ ಅಡಿಕೆ ತೋಟದ ದಾರಿಯಲ್ಲೋ, ಜಗಳೂರಿನ ಹಳ್ಳಿರಸ್ತೆಯಲ್ಲೋ ಹೊಟ್ಟೆ ಉಜ್ಜಿಕೊಳ್ಳುತ್ತದೆ. ಆದ್ದರಿಂದಲೇ ಕಾರಿನ ಎತ್ತರವನ್ನು ತಮಗೆ ಬೇಕಾದಂತೆ ಏರಿಸುವ, ಇಳಿಸುವ ‘ಕಾಯಿಲ್‌ಓವರ್’ ಸಸ್ಪೆನ್ಷನ್ ಮಹಾನಗರಗಳ ಹವ್ಯಾಸಿಗಳಿಗಷ್ಟೇ ಸೀಮಿತವಾದ ವಿಷಯವಲ್ಲ. ಅದು ಎತ್ತುವ ಪ್ರಶ್ನೆ ತಾಲ್ಲೂಕು ರಸ್ತೆಗಳಿಗೂ ಸಂಬಂಧಿಸಿದ್ದು.

ಕಾಯಿಲ್‌ಓವರ್ ಎಂದರೆ ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗ್ ಕೂರಿಸಿದ ಒಂದೇ ಜೋಡಣೆ. ಕಾರ್ಖಾನೆಯಿಂದ ಬರುವ ಹೆಚ್ಚಿನ ಕಾರುಗಳ ಮುಂಭಾಗದಲ್ಲಿಯೂ ಸ್ಪ್ರಿಂಗ್ ಹೀಗೆಯೇ ಇರುತ್ತದೆ. ವ್ಯತ್ಯಾಸವೆಂದರೆ, ಹೊರಗಿನಿಂದ ಕೊಂಡು ಹಾಕಿಸುವ ಜೋಡಣೆಯಲ್ಲಿ ಶಾಕಿನ ಮೈಮೇಲೆ ಥ್ರೆಡ್ ಇರುತ್ತದೆ; ಸ್ಪ್ರಿಂಗ್ ಕುಳಿತ ತಟ್ಟೆಯನ್ನು ಅದರ ಮೇಲೆ ತಿರುಗಿಸಿ ಎತ್ತರ ಬದಲಿಸಬಹುದು. ರೇಸ್ ಪಥದ ಕಾರನ್ನು ತಗ್ಗಿಸುವುದಕ್ಕೂ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವಂತಹ ರ್‍ಯಾಲಿಯ ಕಾರನ್ನು ಎತ್ತರಿಸುವುದಕ್ಕೂ ಬಳಕೆಯಾಗುವುದು ಇದೇ ತಂತ್ರ. ಉತ್ತಮ ದರ್ಜೆಯ ಜೋಡಣೆಗೆ ಲಕ್ಷ ರೂಪಾಯಿಗೂ ಮೀರಿ ತೆರಬೇಕಾಗುತ್ತದೆ.

ಕಾನೂನಿನ ನಿಲುವು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಸ್ಪಷ್ಟವಾಗಿದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ.

ಹಾಗಾದರೆ ಕಾಯಿಲ್‌ಓವರ್ ಹಾಕಿಸಿದವರೆಲ್ಲ ಅಪರಾಧಿಗಳೇ? ಇಲ್ಲಿಯೇ ತೊಡಕಿರುವುದು. ವಾಹನದ ಬಣ್ಣ, ಎಂಜಿನ್ ಸಂಖ್ಯೆ, ಗಾಲಿಗಳ ಅಂತರ ಮುಂತಾದವು ನೋಂದಣಿ ದಾಖಲೆಯಲ್ಲಿರುತ್ತವೆ; ನೆಲದಿಂದ ಕಾರಿನ ತಳಕ್ಕಿರುವ ಅಂತರ, ಅಂದರೆ ಗ್ರೌಂಡ್ ಕ್ಲಿಯರೆನ್ಸ್, ಅಲ್ಲಿ ಕಾಣಸಿಗುವುದಿಲ್ಲ. ಸಿಎನ್‌ಜಿ ಕಿಟ್ ಹಾಕಿಸಿದವರು ಅದನ್ನು ದಾಖಲೆಗೆ ಸೇರಿಸಿಕೊಳ್ಳಲು ದಾರಿಯಿದೆ. ಸಸ್ಪೆನ್ಷನ್ ಬದಲಿಸಿದವರಿಗೆ ಅಷ್ಟೇ ಸರಳವಾದ ದಾರಿಯಿಲ್ಲ. ಪರಿಣಾಮವಾಗಿ ನಿರ್ಧಾರ ತಪಾಸಣೆಗೆ ನಿಂತ ಅಧಿಕಾರಿಯ ಕಣ್ಣಂದಾಜಿಗೆ ಬಿಟ್ಟಂತಾಗುತ್ತದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಪರಿಹಾರ ಕೇಳುವ ವೇಳೆ ತಕರಾರಿಗೆ ಕಾರಣವಾಗುವ ಸಾಧ್ಯತೆಯೂ ಉಂಟು.

ಉಬ್ಬಿನ ಗಣಿತ

ಕಾರಿನ ಎತ್ತರಕ್ಕೆ ಕಾನೂನಿರುವಂತೆ ರಸ್ತೆ ಉಬ್ಬಿನ ಎತ್ತರಕ್ಕೂ ಮಾನದಂಡವಿದೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಐಆರ್‌ಸಿ 99 ಮಾರ್ಗಸೂಚಿಯ ಪ್ರಕಾರ ದುಂಡನೆಯ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅದರ ಬಾಗು 17 ಮೀಟರ್ ತ್ರಿಜ್ಯದ್ದಾಗಿರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ವಾಹನ ಸಲೀಸಾಗಿ ದಾಟಲಿ ಎಂಬುದು ಈ ಅಳತೆಯ ಉದ್ದೇಶ. ಮುನ್ನೆಚ್ಚರಿಕೆಯ ಫಲಕ 40 ಮೀಟರ್ ಮೊದಲೇ ಇರಬೇಕು, ಉಬ್ಬಿಗೆ ಕಪ್ಪು-ಬಿಳಿ ಪಟ್ಟೆ ಬಳಿದಿರಬೇಕು.

ಈ ಅಳತೆಯ ಮಹತ್ವ ಅರಿಯಲು ಸಣ್ಣದೊಂದು ಲೆಕ್ಕ ಸಾಕು. ಚಿಕ್ಕ ಕಾರಿನ ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವಿನ ಅಂತರ ಸುಮಾರು 2.4 ಮೀಟರ್. ಉಬ್ಬು 3.7 ಮೀಟರ್ ಅಗಲವಿದ್ದರೆ ನಾಲ್ಕೂ ಗಾಲಿಗಳು ಒಮ್ಮೆಗೇ ಉಬ್ಬಿನ ಮೇಲೆ ಬರುತ್ತವೆ, ಕಾರು ಉಬ್ಬಿನೊಂದಿಗೇ ಮೇಲೇರುತ್ತದೆ. ಆಗ ಕಾರಿನ ನಡುಭಾಗದತ್ತ ಉಬ್ಬು ಚಾಚುವುದು ಸುಮಾರು 4.2 ಸೆಂ.ಮೀ. ಮಾತ್ರ. ಹತ್ತು ಸೆಂ.ಮೀ.ವರೆಗೆ ತಗ್ಗಿಸಿದ ಕಾರು ಕೂಡ ನಿಧಾನವಾಗಿ ಹೋದರೆ ಅದನ್ನು ದಾಟಬಲ್ಲದು.

ಇನ್ನು ಊರ ಮುಂದೆ ರಾತ್ರೋರಾತ್ರಿ ಎದ್ದು ನಿಲ್ಲುವ 15 ಸೆಂ.ಮೀ. ಎತ್ತರದ, ಎರಡು ಅಡಿ ಅಗಲದ ಉಬ್ಬನ್ನು ಗಮನಿಸಿ. ಮುಂದಿನ ಗಾಲಿಗಳು ಅದನ್ನು ದಾಟಿ ಸಮತಟ್ಟಾದ ರಸ್ತೆಗೆ ಇಳಿದಿರುತ್ತವೆ, ಹಿಂದಿನವು ಇನ್ನೂ ಏರಿರುವುದಿಲ್ಲ. ಪೂರ್ತಿ 15 ಸೆಂ.ಮೀ. ಕಾರಿನ ಹೊಟ್ಟೆಯ ಕೆಳಗೇ ಬಂದು ನಿಲ್ಲುತ್ತದೆ. ಕಾರ್ಖಾನೆಯಿಂದ ಬಂದ ಸಾಮಾನ್ಯ ಚಿಕ್ಕ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 16ರಿಂದ 17 ಸೆಂ.ಮೀ. ಐವರು ಕುಳಿತು ಹಿಂದೆ ಸಾಮಾನು ತುಂಬಿದರೆ ಸ್ಪ್ರಿಂಗುಗಳು ಕುಸಿಯುತ್ತವೆ. ಉದಾಹರಣೆಗೆ, ಪ್ರತಿ ಮಿ.ಮೀ.ಗೆ 3 ಕೆ.ಜಿ. ಬಿಗಿಯ ಹಿಂಬದಿ ಸ್ಪ್ರಿಂಗಿನ ಮೇಲೆ 120 ಕೆ.ಜಿ. ಹೆಚ್ಚುವರಿ ಭಾರ ಬಿದ್ದರೆ ಅದು 4 ಸೆಂ.ಮೀ. ತಗ್ಗುತ್ತದೆ. ಅಂದರೆ ಯಾವ ಮಾರ್ಪಾಡೂ ಇಲ್ಲದ ಕಾರಿನ ಚೇಂಬರಿಗೂ, ಸೈಲೆನ್ಸರಿಗೂ ಏಟು ತಪ್ಪುವುದಿಲ್ಲ. ಕಾರು ಏರಿಸಿಕೊಳ್ಳುವ ಆಸೆ ಅನೇಕರಲ್ಲಿ ಹುಟ್ಟುವುದು ಶೋಕಿಯಿಂದಲ್ಲ, ಈ ಏಟಿನಿಂದ.

ಏರಿಸಿದರೂ ಕಷ್ಟ, ಇಳಿಸಿದರೂ ಕಷ್ಟ

ಕಾಯಿಲ್‌ಓವರ್ ಎತ್ತರ ಹೊಂದಿಸುವ ಕೆಲಸ ಸ್ಪ್ಯಾನರ್ ತಿರುಗಿಸಿದಷ್ಟು ಸುಲಭವಲ್ಲ. ಸ್ಪ್ರಿಂಗ್ ತಟ್ಟೆಯನ್ನು ಮೇಲೆ ತಿರುಗಿಸಿದರೆ ಸ್ಪ್ರಿಂಗ್ ‘ಗಟ್ಟಿ’ಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಒಂದೇ ಸಮನಾದ ಬಿಗಿಯ ಸ್ಪ್ರಿಂಗಿಗೆ ಇದು ಸಲ್ಲದು. ಕಾರು ಏರುತ್ತದೆ, ಸ್ಪ್ರಿಂಗಿನ ಬಿಗಿ ಇದ್ದಷ್ಟೇ ಇರುತ್ತದೆ. ಕಡಿಮೆಯಾಗುವುದು ಗುಂಡಿಗೆ ಬಿದ್ದಾಗ ಗಾಲಿ ಕೆಳಗಿಳಿಯಲು ಇರುವ ಅವಕಾಶ. ತಟ್ಟೆಯನ್ನು ಇಳಿಸಿದರೆ ಇದಕ್ಕೆ ವಿರುದ್ಧ: ಉಬ್ಬಿನ ಮೇಲೆ ಶಾಕ್ ಕುಗ್ಗಲು ಜಾಗ ಸಾಲದೆ ಒಳಗಿನ ರಬ್ಬರ್ ತಡೆಗೆ ಬಡಿಯುತ್ತದೆ. ತಟ್ಟೆಯನ್ನು ಮುಟ್ಟದೆ, ಶಾಕಿನ ಕೆಳಗಿನ ಹಿಡಿಕೆಯನ್ನು ತಿರುಗಿಸಿ ಎತ್ತರ ಬದಲಿಸುವ ಬಗೆಯ ಜೋಡಣೆಯಲ್ಲಿ ಈ ತೊಂದರೆ ಕಡಿಮೆ. ಹಲವು ಚಿಕ್ಕ ಕಾರುಗಳ ಹಿಂಭಾಗದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆಯಾಗಿಯೇ ಇರುವುದರಿಂದ ಅಲ್ಲಿ ತಟ್ಟೆ ಏರಿದಷ್ಟೇ ಕಾರು ಏರುವುದೂ ಇಲ್ಲ.

ಆದ್ದರಿಂದ ಅಳತೆಯೇ ಇಲ್ಲಿ ಮುಖ್ಯ. ಸಮತಟ್ಟಾದ ನೆಲದಲ್ಲಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ನಾಲ್ಕೂ ಕಡೆ ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರ ಬರೆದುಕೊಳ್ಳಬೇಕು. ಕಾರನ್ನು ಜಾಕಿಯೊಂದರ ಮೇಲಷ್ಟೇ ನಂಬಿ ನಿಲ್ಲಿಸದೆ ಸ್ಟ್ಯಾಂಡ್ ಕೊಟ್ಟು, ಥ್ರೆಡ್ಡಿನ ಮಣ್ಣು ತೆಗೆದು, ಎಡಬಲಕ್ಕೆ ಸಮನಾಗಿ ತಿರುಗಿಸಿ ಲಾಕ್ ನಟ್ ಬಿಗಿ ಮಾಡಬೇಕು. ಕೆಲವು ಕಿಲೋಮೀಟರ್ ಓಡಿಸಿ ಸ್ಪ್ರಿಂಗ್ ಕುಳಿತುಕೊಂಡ ಮೇಲೆ ಮತ್ತೊಮ್ಮೆ ಅಳೆಯಬೇಕು. ಎತ್ತರ ಬದಲಾದರೆ ಗಾಲಿಗಳ ಓರೆಯೂ ಬದಲಾಗುವುದರಿಂದ ವ್ಹೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರು ಬೇಗನೆ ಒಂದು ಮಗ್ಗುಲು ಸವೆಯುತ್ತದೆ. ಹೆಡ್‌ಲೈಟಿನ ಬೆಳಕನ್ನೂ ಮರುಹೊಂದಿಸಬೇಕು. ಹಿಂಭಾಗ ತಗ್ಗಿ ಮುಂಭಾಗ ಎದ್ದ ಕಾರಿನ ಬೆಳಕು ನೇರವಾಗಿ ಎದುರಿನ ಬೈಕ್ ಸವಾರನ ಕಣ್ಣಿಗೆ ಬೀಳುತ್ತದೆ. ಇನ್ನು ಅತಿಯಾಗಿ ಏರಿಸಿದ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಇವೆಲ್ಲವೂ ಕಾನೂನಿನ ಎಚ್ಚರಿಕೆಗೆ ಕಾರಣವಿದೆ ಎಂಬುದನ್ನೇ ತೋರಿಸುತ್ತವೆ. ತಪ್ಪಾಗಿ ಹೊಂದಿಸಿದ ಕಾರು ಮಾಲೀಕನಿಗಷ್ಟೇ ಅಲ್ಲ, ಎದುರು ಬರುವವರಿಗೂ ಅಪಾಯ.

ಅಳೆಯುವವರು ಯಾರು?

ಆದರೆ ತಕ್ಕಡಿ ಸಮನಾಗಿಲ್ಲ. ಮಾರ್ಪಾಡಿನಿಂದ ಯಾರಿಗೂ ಹಾನಿಯಾಗದಿದ್ದರೂ ಮಾಲೀಕನಿಗೆ ದಂಡ ಬೀಳಬಹುದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಮೀರಿದ ಅಧಿಕಾರಿ ಅಥವಾ ಗುತ್ತಿಗೆದಾರನಿಗೆ 2019ರ ತಿದ್ದುಪಡಿಯ 198ಎ ಕಲಂ ಒಂದು ಲಕ್ಷ ರೂ.ವರೆಗಿನ ದಂಡ ವಿಧಿಸುತ್ತದೆ, ನಿಜ. ಆದರೆ ಆ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದಾಗ ಮಾತ್ರ. ಚೇಂಬರ್ ಒಡೆದ ಟ್ಯಾಕ್ಸಿ ಚಾಲಕನ ಒಂದು ದಿನದ ದುಡಿಮೆಯಾಗಲಿ, ಜಗಳೂರಿನಿಂದ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಸಾಗುವ ಗರ್ಭಿಣಿಯ ನೋವಾಗಲಿ ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ.

ಉಬ್ಬುಗಳೇ ಬೇಡ ಎಂದು ಯಾರೂ ಹೇಳಲಾರರು. ಶಾಲೆಯ ಮುಂದೆ ಮಗುವೊಂದಕ್ಕೆ ವಾಹನ ಬಡಿದಾಗ ಗ್ರಾಮಸ್ಥರು ಉಬ್ಬಿಗಾಗಿ ಪಟ್ಟು ಹಿಡಿಯುವುದು ಸಹಜ, ನ್ಯಾಯವೂ ಹೌದು. ಇಲಾಖೆ ಸಕಾಲಕ್ಕೆ ಸ್ಪಂದಿಸದಿದ್ದಾಗ ಅವರೇ ಮಣ್ಣು, ಜಲ್ಲಿ, ಸಿಮೆಂಟ್ ಸುರಿಯುತ್ತಾರೆ. ಮಾನದಂಡದ ಉಬ್ಬು ಅದೇ ಮಗುವನ್ನು ಕಾಪಾಡುತ್ತದೆ, ಆಂಬುಲೆನ್ಸನ್ನೂ ಬಿಡುತ್ತದೆ ಎಂಬುದನ್ನು ಅವರಿಗೆ ತಿಳಿಸಿ ಹೇಳಿದವರು ಕಡಿಮೆ.

ಪರಿಹಾರ ದುಬಾರಿಯದೇನಲ್ಲ. 3.7 ಮೀಟರ್ ಉದ್ದದ, ಸರಿಯಾಗಿ ಬಾಗಿಸಿದ ಒಂದು ಅಚ್ಚುಪಟ್ಟಿಯನ್ನು ಲೋಕೋಪಯೋಗಿ ಇಲಾಖೆಯ ಪ್ರತಿ ತಾಲ್ಲೂಕು ಕಚೇರಿಗೂ ಕೊಟ್ಟರೆ ಯಾವ ಉಬ್ಬು ಮಾನದಂಡಕ್ಕೆ ಒಪ್ಪುತ್ತದೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ನಾಲ್ಕು ತಾಲ್ಲೂಕುಗಳ ಉಬ್ಬುಗಳ ಪಟ್ಟಿ ಮಾಡಿಸಿ, ಮಾನದಂಡ ಮೀರಿದವನ್ನು ಕಾಲಮಿತಿಯಲ್ಲಿ ಸರಿಪಡಿಸುವುದು ಅಸಾಧ್ಯವೇನಲ್ಲ. ಸಾರಿಗೆ ಇಲಾಖೆಯೂ ಸಸ್ಪೆನ್ಷನ್ ಎತ್ತರಕ್ಕೆ ಸ್ಪಷ್ಟ ಮಿತಿ ಮತ್ತು ತಪಾಸಣೆಯ ಕ್ರಮ ಗೊತ್ತುಪಡಿಸಬೇಕು. ಕಾರಿನ ಕೆಳಗೆ ಟೇಪ್ ಹಿಡಿದು ಅಳೆಯುವ ಅಧಿಕಾರ ಸರ್ಕಾರಕ್ಕೆ ಇರಲಿ; ಅದೇ ಟೇಪ್ ಮೊದಲು ರಸ್ತೆಯ ಮೇಲೆ ಬೀಳಲಿ.