ವರ್ತೂರಿನಲ್ಲಿ ನಡೆದು ಹೋಗುವವರ ಪರವಾಗಿ ಒಂದು ವಿಜ್ಞಾಪನೆ



ವರ್ತೂರು ಕೋಡಿಯ ಕೂಡುರಸ್ತೆಯಲ್ಲಿ ಬೆಳಗಿನ ಎಂಟು ಗಂಟೆಗೆ ನಿಂತು ನೋಡಿದವರಿಗೆ, ನಡೆಯುವವರ ಪಾಡನ್ನು ಬೇರೆ ವರ್ಣಿಸಬೇಕಾಗಿಲ್ಲ. ಇಂಥವರನ್ನು ಚಕ್ರಗಳ ಮೇಲೆ ಚಲಿಸುವ ರೋಬಾಟುಗಳ ತಂಡವೊಂದು, ಪರಸ್ಪರ ವರ್ತಮಾನ ಹಂಚಿಕೊಳ್ಳುತ್ತ, ಬೆನ್ನುಹತ್ತಿ ಗಮನಿಸುವ ವಿದ್ಯೆ ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ಬೆಳೆಯುತ್ತ ಬಂದಿದೆ. ಪಕ್ಕದಲ್ಲೇ ತಂತ್ರಜ್ಞಾನ ಕಂಪನಿಗಳ ವೈಟ್‌ಫೀಲ್ಡ್ ಇರಲಾಗಿ, ಅದು ನಮ್ಮ ಬೀದಿಗೂ ಬಾರದಿರದು. ಬರುವ ಮುನ್ನವೇ ನಮ್ಮ ಷರತ್ತನ್ನು ಹೇಳಿಬಿಡುವುದು ಲೇಸು.

ಯಂತ್ರವು ಮೊಣಕಾಲಿನ ಕೆಳಗಿನ ಎತ್ತರದಲ್ಲಿ ಲೇಸರ್ ಕಿರಣವನ್ನು ಬೀಸಿ, ಅದು ತಗುಲಿ ಹಿಂದಿರುಗಿದ ಎರಡು ಕಿರಿಯ ಕಮಾನುಗಳನ್ನು ಕಾಲುಗಳೆಂದು ಗ್ರಹಿಸುತ್ತದೆ; ಲಾರಿಯೊಂದು ಅಡ್ಡ ಬಂದು ಆ ವ್ಯಕ್ತಿ ಮರೆಯಾದರೆ, ಕಾಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಗಣಿತದಿಂದ ಮುಂದಿನ ಹೆಜ್ಜೆಯನ್ನು ಊಹಿಸಿ, ಆಚೆ ಬದಿಯ ಯಂತ್ರಕ್ಕೆ ಜಾಡನ್ನು ಒಪ್ಪಿಸುತ್ತದೆ. ತಾನೆಲ್ಲಿ ನಿಂತಿರುವೆನೆಂಬುದರಲ್ಲೇ ಒಂದು ಯಂತ್ರ ತಪ್ಪಿತೋ, ಒಬ್ಬರು ಇಬ್ಬರಾಗಿ ತೋರುವರು. ಸೀರೆಯ ನೆರಿಗೆಯೂ ಪಂಚೆಯೂ ಎರಡು ಕಮಾನುಗಳನ್ನು ಒಂದಾಗಿಸುವುದರಿಂದ, ಷರಾಯಿ ತೊಟ್ಟವರನ್ನೇ ನೋಡಿ ಕಲಿತ ಯಂತ್ರ ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿಯನ್ನು ಕಂಬವೆಂದು ಬಗೆದೀತು. (ಅಜ್ಜಿಗೆ ಅದೇ ಕ್ಷೇಮವೆನ್ನುವವರೂ ಉಂಟು.)

ಎಣಿಕೆಗೆ ನಮ್ಮ ವಿರೋಧವಿಲ್ಲ. ಗಂಟೆಗೆ ಎಷ್ಟು ಜನ ಕೋಡಿಯನ್ನು ದಾಟುವರೆಂಬ ಲೆಕ್ಕ ಕೈಗೆ ಬಂದರೆ, ಕಾಲುದಾರಿ ಕೇಳಲು ನಮಗೊಂದು ಆಧಾರವಾದೀತು. ಆದರೆ ಇಂದಿನ ಜಾಡನ್ನು ನಾಳಿನ ಜಾಡಿಗೆ ಹೊಸೆದರೆ, ಯಾವ ಮನೆಯವರು ಯಾವ ವೈದ್ಯರಲ್ಲಿಗೆ ಹೋಗುವರೆಂಬುದು ಹೊರಬೀಳುತ್ತದೆ. ಮುಖಗುರುತಿನ ತಂತ್ರವುಳ್ಳ ಸೇಫ್ ಸಿಟಿ ಯೋಜನೆಯ 7,000ಕ್ಕೂ ಮಿಕ್ಕ ಕ್ಯಾಮೆರಾಗಳಿರುವ ಈ ಬೆಂಗಳೂರಿನಲ್ಲಿ ಆ ಜಾಡಿಗೊಂದು ಹೆಸರು ಅಂಟಿಸುವುದು ದುಸ್ಸಾಧ್ಯವಲ್ಲ.

ಬೀದಿಗಿಳಿದವರಿಗೆ ಗೌಪ್ಯವೆಲ್ಲಿಯದು ಎಂಬ ಆಕ್ಷೇಪವುಂಟು. ನಮ್ಮದೇ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ವ್ಯಾಜ್ಯದಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ನೆಯ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಅದು ಲೋಪವಾಗದೆಂಬ ಮಾತೂ ಆ ತೀರ್ಪಿನಲ್ಲಿದೆ. 2023ರ ದತ್ತಾಂಶ ಸಂರಕ್ಷಣಾ ಶಾಸನವಾದರೋ, ಸರ್ಕಾರವು ತನ್ನ ಅಂಗಗಳಿಗೆ ವಿನಾಯಿತಿ ಕೊಡುವ ಬಾಗಿಲನ್ನು ತೆರೆದೇ ಇಟ್ಟಿದೆ. ಕಾನೂನಿನ ಭರವಸೆಯ ಮೇಲೆ ಸುಮ್ಮನೆ ಕೂರಲಾಗದ್ದು ಇದಕ್ಕಾಗಿಯೇ.

ಆದುದರಿಂದ ಯಂತ್ರ ಬಂದರೆ ತಲೆ ಎಣಿಸಲಿ, ಮುಖ ನೋಡದಿರಲಿ. ಆ ದಿನದ ಜಾಡು ಆ ದಿನವೇ ಅಳಿಯಲಿ. ಜನರಿಗಿಲ್ಲದ ಕಾಲುದಾರಿಯನ್ನು ಅದಕ್ಕೆ ಬಿಟ್ಟುಕೊಡದಿರಲಿ. ವಾರ್ಡಿನ ಸಭೆ ಸೇರಿದಂದು ಎದ್ದುನಿಂತು ಈ ಮೂರನ್ನೂ ಬರೆಯಿಸಿರಿ. ಓದಿದವರು ಈ ಹಾಳೆಯನ್ನು ನೆರೆಮನೆಗೆ ದಾಟಿಸಬೇಕಾಗಿ ಪ್ರಾರ್ಥನೆ.