ಹೊಸ್ತಿಲೂ ಅಕ್ಕರೆಯೂ

ನಾಯಿಯ ವಿಷಯದಲ್ಲಿ ನಮ್ಮ ಜನದ ಮನಸ್ಸು ಎಂದೂ ಒಂದಾಗಿಲ್ಲ. ಹಳಿಯಬೇಕಾದಾಗ ಬಾಯಿಗೆ ಬರುವುದು ನಾಯಿಯ ಹೆಸರು. ನಿಷ್ಠೆಯನ್ನು ಹೊಗಳಬೇಕಾದಾಗಲೂ ನೆನಪಾಗುವುದು ಅದೇ ಪ್ರಾಣಿ. ಈ ಇಬ್ಬಗೆ ಈಗ ಮನೆಯೊಳಕ್ಕೂ ಬಂದಿದೆ. ಮರಿಯಾಗಿದ್ದಾಗ ಮಡಿಲು, ಬೆಳೆದಮೇಲೆ ಸರಪಳಿ; ಇವೆರಡರ ನಡುವೆ ಮತ್ತೊಂದು ದಾರಿ ಇದೆಯೆಂಬುದನ್ನು ನಾವು ಮರೆತಂತಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಜಗಲಿ, ಹೊಸ್ತಿಲು, ನಡುಮನೆ, ಹಿತ್ತಿಲು ಎಂದು ಮನೆಯೇ ಎಲ್ಲೆಗಳನ್ನು ಬರೆದಿಟ್ಟಿತ್ತು. ನಾಯಿಗೆ ಜಗಲಿ, ಅದರಾಚೆಯ ಬೀದಿಯೂ ಅದರದೇ. ಈಗಿನ ಬಡಾವಣೆಯ ಮನೆಗೆ ಜಗಲಿಯಿಲ್ಲ, ಹಿತ್ತಿಲಿಲ್ಲ. ಬೀದಿಯಲ್ಲಿ ವಾಹನ, ಬಂಡೆಬೆಟ್ಟಗಳ ಅಂಚಿನ ಊರುಗಳಲ್ಲಾದರೆ ರಾತ್ರಿ ಚಿರತೆಯ ಭಯ. ಹೊರಗೆ ಕಟ್ಟಿದ ನಾಯಿಯನ್ನು ಚಿರತೆ ಹೊತ್ತೊಯ್ದ ಸುದ್ದಿ ಮಾಗಡಿ ಸೀಮೆಯವರಿಗೆ ಹೊಸದಲ್ಲ. ಹೀಗಾಗಿ ನಾಯಿ ಒಳಗೆ ಬಂದಿದೆ. ಬಂದುದು ನಾಟಿ ನಾಯಿಯೂ ಅಲ್ಲ. ಲ್ಯಾಬ್ರಡಾರ್‌ನಂಥ ಭಾರಿ ಮೈಯ, ಅದಕ್ಕಿಂತ ಭಾರಿಯಾದ ಪ್ರೀತಿಯ ಜಾತಿ. ಹಿಂದೆ ಗೋಡೆ ಹೇಳುತ್ತಿದ್ದುದನ್ನು ಈಗ ಮನುಷ್ಯರೇ ಬಾಯಿಬಿಟ್ಟು ಹೇಳಬೇಕಾಗಿದೆ.

ನಮ್ಮ ಮನೆಯಲ್ಲಿಯೂ ಅಂಥದೊಂದಿದೆ. ಮೂವತ್ತು ಕಿಲೋ ತೂಗುತ್ತದೆ, ಕಡಿಯುವುದೆಂದರೇನೆಂದೇ ತಿಳಿಯದು. ಆದರೆ ಎಂಬತ್ತು ದಾಟಿದ ನನ್ನ ತಾಯಿ ಊರುಗೋಲು ಹಿಡಿದು ನಡೆಯುವವರು. ಅವರನ್ನು ಕಂಡೊಡನೆ ಎರಡು ಕಾಲ ಮೇಲೆ ನಿಂತು ಎದೆಗೆ ಪಾದವಿಡಬೇಕೆಂಬುದೇ ಈ ಪ್ರಾಣಿಯ ಪರಮೋತ್ಸಾಹ. ದ್ವೇಷದಿಂದ ಬಿದ್ದರೂ ಪ್ರೀತಿಯಿಂದ ಬಿದ್ದರೂ ಮುದಿ ಮೂಳೆಗೆ ಭೇದವಿಲ್ಲ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುವ ಮಾತೂ ಮನೆಯಲ್ಲಿ ಬಂದಿತು. ಬೇಡವೆಂದವರು ತಾಯಿಯೇ. “ಅದಕ್ಕೆ ಕೂರೋ ಜಾಗ ತೋರಿಸ್ರಪ್ಪ, ಹೋಗೋ ಜಾಗ ಅಲ್ಲ,” ಎಂದರು. ಈ ಲೇಖನದಲ್ಲಿ ನಾನು ಹೇಳಬಯಸುವುದೆಲ್ಲ ಆ ಒಂದು ಮಾತಿನ ವಿಸ್ತರಣೆಯೇ.

ಜಾಗ ತೋರಿಸುವುದೆಂದರೆ ಹೊಡೆಯುವುದಲ್ಲ. ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಕಥೆ ಇದೆ. ಜನಮೇಜಯನ ಸತ್ರಕ್ಕೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದರು. ಮರಿ ಅಳುತ್ತ ತಾಯಿಯ ಬಳಿಗೆ ಹೋಯಿತು. ಹವಿಸ್ಸನ್ನು ನೆಕ್ಕಿರಲಿಲ್ಲ, ಅದರತ್ತ ನೋಡಿಯೂ ಇರಲಿಲ್ಲ. ತಪ್ಪಿಲ್ಲದೆ ಹೊಡೆದಿರಲ್ಲಾ ಎಂದು ತಾಯಿ ಕೇಳಿದಾಗ ರಾಜರಲ್ಲಿ ಉತ್ತರವಿರಲಿಲ್ಲ. ಕಾಣದ ಭಯ ನಿನಗೆ ಬರಲಿ ಎಂದು ಶಪಿಸಿದಳು. ಎಲ್ಲೆ ಯಾವುದೆಂದು ತಿಳಿಸದೆ ಎಲ್ಲೆ ಮೀರಿತೆಂದು ದಂಡಿಸುವವರಿಗೆಲ್ಲ ಆ ಪ್ರಶ್ನೆ ಸಲ್ಲುತ್ತದೆ. ಶಾಲೆಗೂ ಮನೆಗೂ ಕೂಡ.

ತಿಳಿಸುವ ಬಗೆ ಕಷ್ಟದ್ದಲ್ಲ. ಅದಕ್ಕೆ ಬೇಕಾದ ತಾಳ್ಮೆಯೇ ಕಷ್ಟದ್ದು. ನಾಯಿ ಮೇಲೆ ಹಾರಿದಾಗ ಗದರುವುದೂ ಅದಕ್ಕೊಂದು ಉಪಚಾರವೇ. ಮುಖ ತಿರುಗಿಸಿ ಸುಮ್ಮನೆ ನಿಂತು, ನಾಲ್ಕು ಕಾಲೂ ನೆಲಕ್ಕೆ ತಾಗಿದ ಕ್ಷಣದಲ್ಲೇ ತಲೆ ನೇವರಿಸಬೇಕು. ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸಬೇಕು. ಅಪ್ಪ ಬೇಡವೆಂದುದನ್ನು ಮಗ ಒಮ್ಮೆ ಕೊಟ್ಟರೂ ನಾಯಿ ಕಲಿಯುವುದು ನಿಯಮವನ್ನಲ್ಲ, ಕಾದು ನೋಡುವುದನ್ನು. ಅಡುಗೆಮನೆ ಅದಕ್ಕೆ ನಿಷಿದ್ಧವಾಗಬೇಕಾದುದು ಮಡಿಗಾಗಿ ಮಾತ್ರವಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಊಟದ ಹೊತ್ತಿಗೆ ಮೂಲೆಯಲ್ಲಿ ಅದರದೇ ಚಾಪೆ. ಅಲ್ಲಿ ಕೂತರೆ ಅದರ ಪಾಲು ಅಲ್ಲಿಗೇ ಬರುತ್ತದೆ. ಇವೆಲ್ಲಕ್ಕೂ ಮುಂಚೆ ದಿನಕ್ಕೆರಡು ಬಾರಿ ಚೆನ್ನಾಗಿ ನಡೆಸಬೇಕು. ದಣಿಯದ ನಾಯಿಗೆ ಯಾವ ಪಾಠವೂ ಹತ್ತದು.

ಪ್ರೀತಿಗೆ ಬೇಲಿ ಹಾಕಬಹುದೆ ಎಂದು ಕೇಳುವ ಮಿತ್ರರಿದ್ದಾರೆ. ಅವರು ನಮ್ಮ ರೇಷ್ಮೆ ಬೆಳೆಗಾರನ ಹುಳುಮನೆಯನ್ನು ನೋಡಬೇಕು. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಕೈಕಾಲು ತೊಳೆಯದೆ ಮನೆಯ ಯಜಮಾನನಿಗೂ ಪ್ರವೇಶವಿಲ್ಲ. ಹುಳುವಿನ ಮೇಲೆ ಅವನಿಗೆ ಅಕ್ಕರೆಯಿಲ್ಲವೆಂದು ಯಾರಾದರೂ ಅಂದಾರೆಯೆ? ಹುಳು ಜ್ವರಕ್ಕೆ ಕೂತಾಗ ರಾತ್ರಿಯೆಲ್ಲ ಎದ್ದೆದ್ದು ನೋಡುವವನೂ ಅವನೇ. ಬೇಲಿಯಿಲ್ಲದ ಪ್ರೀತಿಯ ಕೊನೆಯನ್ನು ನಾವು ಬೇರೆ ಕಡೆ ಕಾಣುತ್ತೇವೆ: ಹಾಸಿಗೆಯ ಮೇಲೆ ಮಲಗಿದ್ದ ಮುದ್ದುಮರಿ ಒಂದೆರಡು ವರ್ಷದಲ್ಲಿ ಮೊಳದುದ್ದದ ಸರಪಳಿಗೆ ಬೀಳುತ್ತದೆ, ಇಲ್ಲವೆ ಹೆದ್ದಾರಿಯ ಪಕ್ಕಕ್ಕೆ. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ವಿಧಿ ಇವೆರಡನ್ನೂ ಅಪರಾಧವೆಂದೇ ಎಣಿಸುತ್ತದೆ. ಕಾಯಿದೆ ಬರಬೇಕಾಗುವುದು ಮನೆಯ ಶಿಸ್ತು ತಪ್ಪಿದಮೇಲೆ.

ಗೌರವವೂ ಎಲ್ಲೆಯೂ ಜೊತೆಯಾಗಿ ಇರಬಲ್ಲವೆಂಬುದಕ್ಕೆ ನಮ್ಮ ಸೀಮೆಯಲ್ಲೇ ಸಾಕ್ಷಿಗಳಿವೆ. ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು, ಬೇಡಿದ್ದನ್ನು ಕೊಡಲೊಪ್ಪಿದ ರಾಷ್ಟ್ರಕೂಟ ಮೂರನೆಯ ಕೃಷ್ಣನಲ್ಲಿ ಕಾಳಿಯೆಂಬ ನಾಯಿಯನ್ನು ಕೇಳಿದನು. ಆ ಕಾಳಿ ಹೆಬ್ಬಂದಿಯೊಡನೆ ಹೋರಿ ಅದರೊಂದಿಗೇ ಸತ್ತಾಗ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವೆಂದು ವಿಧಿಸಲಾಯಿತು. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ನಾಯಿಗಳಿಗೇ ಒಂದು ಗುಡಿ ಎದ್ದಿತು. ಕಾಣೆಯಾದ ಎರಡು ನಾಯಿಗಳ ಬದಲು ಎರಡು ವಿಗ್ರಹಗಳು ಅಲ್ಲಿ ಪೂಜೆಗೊಳ್ಳುತ್ತಿವೆ. ಕಾಳಿಯ ಕಲ್ಲು ನಿಂತದ್ದು ಗರ್ಭಗುಡಿಯೊಳಗಲ್ಲ, ಗುಡಿಯ ಮುಂದೆ. ಇಲ್ಲಿಯೂ ನಾಯಿಗಳಿಗೆ ದೊರೆತದ್ದು ಅವುಗಳದೇ ಗುಡಿ. ಅದರಿಂದ ಅವುಗಳ ಮಾನ ಕಿಂಚಿತ್ತೂ ಕುಂದಲಿಲ್ಲ.

ಸಾಕುವುದೆಂಬ ಮಾತಿಗೆ ಅನ್ನ ಹಾಕುವುದೆಂಬ ಅರ್ಥ ಸಾಲದು. ಜೊತೆಯಲ್ಲಿ ಬಾಳುವ ಬಗೆಯನ್ನು ಕಲಿಸುವುದೂ ಅದರಲ್ಲಿ ಸೇರಿದೆ. ತನ್ನ ಚಾಪೆ ಯಾವುದೆಂದು ಬಲ್ಲ ನಾಯಿಯನ್ನು ಮುದುಕರಿದ್ದ ಮನೆಯಲ್ಲೂ, ಮಕ್ಕಳಿದ್ದ ಮನೆಯಲ್ಲೂ, ಅತಿಥಿಗಳು ಬರುವ ಹೊತ್ತಿನಲ್ಲೂ ಹೊರಗಟ್ಟಬೇಕಾಗಿ ಬರುವುದಿಲ್ಲ. ಅದರ ಬಾಳು ಹತ್ತು ಹನ್ನೆರಡು ವರ್ಷದ್ದು. ಅಷ್ಟೂ ವರ್ಷ ಅದು ನಮ್ಮೊಡನೆ ಒಳಗೇ ಇರಲೆಂಬುದಕ್ಕಾಗಿಯೇ ಹೊಸ್ತಿಲು ಬೇಕು.